ನಿಂಬೆರಸ ಹಾಕಿದ ಕೂಡಲೇ ತಹಿನಿ ಮುದ್ದೆಯಾಯಿತು, ಏನು ಮಾಡಲಿ?

ಪ್ರಶ್ನೆ: ಹಮ್ಮಸ್ (ಕಾಬೂಲಿ ಕಡಲೆ ರುಬ್ಬಿ ಮಾಡುವ ಅರಬ್ ಚಟ್ನಿ) ಮಾಡೋಣ ಅಂತ ಮನೆಯಲ್ಲೇ ಎಳ್ಳು ಹುರಿದು, ರುಬ್ಬಿ ತಹಿನಿ ಮಾಡಿದೆ. ರುಚಿ ಸ್ವಲ್ಪ ಕಹಿ. ನಿಂಬೆರಸ, ಒಂದು ಚಮಚ ನೀರು ಹಾಕಿ ಕಲಸಿದರೆ ತೆಳ್ಳಗಾಗುವ ಬದಲು ಗಟ್ಟಿ ಮುದ್ದೆಯಾಯಿತು. ಎಳ್ಳು ಕೆಟ್ಟಿತ್ತಾ? ಉಳಿದ ತಹಿನಿಯನ್ನು ನಮ್ಮ ಅಡುಗೆಗೆ ಬಳಸಬಹುದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎಳ್ಳು ಕೆಟ್ಟಿಲ್ಲ. ದಯವಿಟ್ಟು ಆ ಮುದ್ದೆಯನ್ನು ಎಸೆಯಬೇಡಿ. ಅದಕ್ಕೆ ಇನ್ನೂ ನೀರು ಬೇಕು, ಅಷ್ಟೇ.

ಎಳ್ಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ. ರುಬ್ಬಿದಾಗ ಆ ಎಣ್ಣೆಯಲ್ಲಿ ಎಳ್ಳಿನ ನುಣ್ಣನೆಯ ಪುಡಿ ತೇಲುತ್ತಿರುತ್ತದೆ. ಅದಕ್ಕೇ ತಹಿನಿ ಧಾರೆಯಾಗಿ ಸುರಿಯುವುದು. ಒಂದಿಷ್ಟು ನೀರು ಬಿದ್ದರೆ ಸಾಕು, ಪುಡಿ ಅದನ್ನು ಹೀರಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಿಂಬೆರಸವೂ ಬಹುಪಾಲು ನೀರೇ ಅಲ್ವಾ? ಈಗ ಹೆದರದೆ ಒಂದೊಂದೇ ಚಮಚ ತಣ್ಣೀರು ಹಾಕುತ್ತಾ ತಿರುವಿ. ಮೊದಲು ಇನ್ನೂ ಬಿಗಿಯಾಗುತ್ತದೆ, ಚಮಚ ನೆಟ್ಟಗೆ ನಿಲ್ಲುತ್ತದೆ. ಕೈ ಬಿಡಬೇಡಿ. ಬಣ್ಣ ಬೆಳ್ಳಗಾಗುತ್ತಾ ಬರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಸಡಿಲವಾಗಿ ದೋಸೆಹಿಟ್ಟಿನ ಹದಕ್ಕೆ ಬರುತ್ತದೆ. ಅರ್ಧ ಬಟ್ಟಲು ತಹಿನಿಗೆ ಹೆಚ್ಚುಕಡಿಮೆ ಅಷ್ಟೇ ನೀರು ಹಿಡಿಯಬಹುದು. ಇದಕ್ಕೆ ಜಜ್ಜಿದ ಬೆಳ್ಳುಳ್ಳಿ, ಉಪ್ಪು ಸೇರಿಸಿದರೆ ಲೆಬನಾನಿನವರು ಫಲಾಫೆಲ್ (ಕಡಲೆಯ ವಡೆ) ಜೊತೆ ಹಾಕಿಕೊಳ್ಳುವ ತರಾತೋರ್ ಸಿದ್ಧ.

ಕಹಿಗೆ ಕಾರಣ ಎರಡು: ಎಳ್ಳಿನ ಸಿಪ್ಪೆ, ಮತ್ತೆ ಜಾಸ್ತಿ ಹುರಿದದ್ದು. ತಹಿನಿಗೆ ಹೆಸರಾದ ಪ್ಯಾಲೆಸ್ಟೀನಿನ ನಾಬ್ಲುಸ್ ಕಡೆ ಎಳ್ಳನ್ನು ನೆನೆಸಿ, ಉಜ್ಜಿ, ಉಪ್ಪುನೀರಿಗೆ ಹಾಕುತ್ತಿದ್ದರು. ಸಿಪ್ಪೆ ತಳಕ್ಕಿಳಿಯುತ್ತದೆ, ತಿರುಳು ಮೇಲೆ ತೇಲುತ್ತದೆ. ಎಷ್ಟು ಚೆಂದದ ಉಪಾಯ! ನೀವು ಅಷ್ಟೆಲ್ಲ ಮಾಡಬೇಕಿಲ್ಲ, ಅಂಗಡಿಯಲ್ಲಿ ಸಿಪ್ಪೆ ತೆಗೆದ ಬಿಳಿ ಎಳ್ಳು ಕೇಳಿ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹುರಿಯಿರಿ. ಘಮ ಬಂದು, ಒಂದೆರಡು ಕಾಳು ಚಟಪಟ ಅಂದ ತಕ್ಷಣ ತಟ್ಟೆಗೆ ಸುರಿದುಬಿಡಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಎಳ್ಳು ಕೆಂಪಾಗಿಬಿಡುತ್ತದೆ. ಆರಿದ ಮೇಲೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ರುಬ್ಬಿ, ಬದಿಗೆ ಅಂಟಿದ್ದನ್ನು ಕೆಳಗೆ ತಳ್ಳುತ್ತಿರಿ. ಎಣ್ಣೆ ಬಿಡಲು ಹೊತ್ತು ಹಿಡಿಯುತ್ತದೆ. ಸಾಲದಿದ್ದರೆ ಮಾತ್ರ ಒಂದು ಚಮಚ ಎಣ್ಣೆ.

ನಮ್ಮ ಅಡುಗೆಗೆ ಖಂಡಿತ ಬಳಸಿ. ಎಣ್ಣೆಗಾಯಿಗೆ ಹುರಿದ ಎಳ್ಳು ಹಾಕುವವರು ನಾವು, ತಹಿನಿ ನಮಗೇನು ಪರಕೀಯವೇ? ಪಲ್ಯ, ಗೊಜ್ಜಿಗೆ ಹಾಕುವುದಾದರೆ ಒಲೆ ಆರಿಸಿದ ಮೇಲೆ ಒಂದು ಚಮಚ ಬೆರೆಸಿ. ಕುದಿಸಿದರೆ ಎಣ್ಣೆ ಬಿಟ್ಟುಕೊಂಡು ತರಿತರಿಯಾಗಬಹುದು. ಸುಟ್ಟ ಬದನೆಕಾಯಿಯನ್ನು ಕಿವುಚಿ ತಹಿನಿ, ನಿಂಬೆರಸ, ಬೆಳ್ಳುಳ್ಳಿ ಸೇರಿಸಿದರೆ ಅರಬರ ಮುತಬ್ಬಲ್. ಅದು ಜೋಳದ ರೊಟ್ಟಿಗೂ ಬಹಳ ಚೆನ್ನಾಗಿ ಹೊಂದುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತುರ್ಕಿಯ ಬೆಳಗಿನ ತಿಂಡಿ. ದ್ರಾಕ್ಷಿ ರಸವನ್ನು ಕುದಿಸಿ ಮಾಡಿದ ಪಾಕಕ್ಕೆ ತಹಿನಿ ಬೆರೆಸಿ ಬ್ರೆಡ್ಡಿಗೆ ಹಚ್ಚಿಕೊಳ್ಳುತ್ತಾರೆ. ಆ ಪಾಕದ ಜಾಗದಲ್ಲಿ ನಮ್ಮ ಜೋನಿ ಬೆಲ್ಲ ಹಾಕಿ, ಬಿಸಿ ದೋಸೆಗೆ ಸವರಿ ನೋಡಿ. ಸಂಕ್ರಾಂತಿಯ ಎಳ್ಳು-ಬೆಲ್ಲದ್ದೇ ರುಚಿ.

ಜಾಡಿಯಲ್ಲಿ ಎಣ್ಣೆ ಮೇಲೆ ಬಂದರೆ ಚೆಲ್ಲಬೇಡಿ, ತಳದಿಂದ ಕಲಕಿ ಸೇರಿಸಿ. ಒದ್ದೆ ಚಮಚ ಮಾತ್ರ ಒಳಗೆ ಹಾಕಬೇಡಿ.