ಒಂದೇ ಪದ ಹಿಡಿದು ಹುಡುಕಬೇಡಿ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕುವುದಿಲ್ಲ. ಉಳಿದವರಿಗೆ ತಿಳಿಯಲೆಂದು ನಿಮ್ಮ ಪತ್ರದ ಸಾರವನ್ನು ಇಲ್ಲಿ ಹೇಳುತ್ತೇನೆ. ನೀವು ಕಾಲೇಜು ಸೇರಿ ಒಂದೂವರೆ ತಿಂಗಳಾಗಿದೆ. ಅಂತರ್ಜಲದ ಬಗ್ಗೆ ಹತ್ತು ಪುಟದ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಲೈಬ್ರರಿಯ ಕಂಪ್ಯೂಟರಿನಲ್ಲಿ ‘ಅಂತರ್ಜಲ’ ಎಂದು ಟೈಪ್ ಮಾಡಿದರೆ ಮೂರೇ ಪುಸ್ತಕ ಬಂದವು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಲಕ್ಷಗಟ್ಟಲೆ ಬಂದವು. ಎರಡು ಗಂಟೆ ರ‍್ಯಾಕುಗಳ ನಡುವೆ ಓಡಾಡಿದಿರಿ. ಗ್ರಂಥಪಾಲಕರನ್ನು ಕೇಳಲು ಸಂಕೋಚವಾಯಿತು. ಬರಿಗೈಯಲ್ಲಿ ಹೊರಗೆ ಬಂದಿರಿ. ‘ನನಗೆ ಇದು ಆಗದ ಕೆಲಸವೇ? ಅಷ್ಟಕ್ಕೂ ಎಷ್ಟು ಪುಸ್ತಕ ನೋಡಿದರೆ ಸಾಕು?’ ಎಂದು ಕೇಳಿದ್ದೀರಿ.

ಖಂಡಿತ ಆಗದ ಕೆಲಸವಲ್ಲ. ಇಷ್ಟು ದಿನ ನಿಮ್ಮ ಮುಂದೆ ಒಂದು ಪಠ್ಯಪುಸ್ತಕ ಇರುತ್ತಿತ್ತು, ಉತ್ತರ ಅದರೊಳಗೇ ಇರುತ್ತಿತ್ತು. ಈಗ ಪುಸ್ತಕವನ್ನೂ ನೀವೇ ಹುಡುಕಬೇಕು. ಹುಡುಕುವುದನ್ನು ನಿಮಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಮೊದಲು ಆ ಮೂರು ಪುಸ್ತಕಗಳ ವಿಚಾರ. ಲೈಬ್ರರಿಯ ಕ್ಯಾಟಲಾಗ್ ಸಾಮಾನ್ಯವಾಗಿ ಪುಸ್ತಕದ ಒಳಗನ್ನು ಓದಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಪುಸ್ತಕದ ಹೆಸರು, ಬರೆದವರ ಹೆಸರು, ಜೊತೆಗೆ ಪಟ್ಟಿ ಮಾಡಿದವರು ಸೇರಿಸಿದ ಕೆಲವು ವಿಷಯಪದಗಳು. ನೀರಾವರಿಯ ಪುಸ್ತಕವೊಂದರಲ್ಲಿ ಅಂತರ್ಜಲದ ಮೇಲೆ ನಲವತ್ತು ಪುಟದ ಅಧ್ಯಾಯ ಇದ್ದರೂ ನೀವು ಹಾಕಿದ ಪದಕ್ಕೆ ಅದು ಸಿಕ್ಕುವುದಿಲ್ಲ. ಹಾಗಾಗಿ ಕಂಪ್ಯೂಟರಿನ ಮುಂದೆ ಕೂರುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ವಿಷಯಕ್ಕೆ ಜನ ಬಳಸುವ ಪದಗಳನ್ನೆಲ್ಲ ಬರೆಯಿರಿ. ಅಂತರ್ಜಲ, ಕೊಳವೆ ಬಾವಿ, ಬೋರ್‌ವೆಲ್, ಜಲ ಮರುಪೂರಣ, ನೀರಾವರಿ, ಜಲಸಂಪನ್ಮೂಲ. ಇಂಗ್ಲಿಷ್ ಪುಸ್ತಕಗಳಿಗಾಗಿ ಗ್ರೌಂಡ್‌ವಾಟರ್, ಅಕ್ವಿಫರ್, ರೀಚಾರ್ಜ್. ಗ್ರೌಂಡ್‌ವಾಟರ್ ಎಂಬುದನ್ನು ಹಳೆಯ ಪುಸ್ತಕಗಳಲ್ಲಿ ಎರಡು ಪದಗಳಾಗಿ ಬಿಡಿಸಿ ಬರೆಯುತ್ತಿದ್ದುದೂ ಉಂಟು. ಒಂದು ಜಾಗ ಬಿಟ್ಟು ಬರೆದರೆ ಸಾಕು, ಬೇರೆಯೇ ಪುಸ್ತಕಗಳು ಬರಬಹುದು! ಬಂದ ಪುಸ್ತಕಗಳಲ್ಲಿ ಒಂದು ಚೆನ್ನಾಗಿದೆ ಅನಿಸಿದರೆ ಅದರ ಪೂರ್ತಿ ವಿವರ ತೆರೆದು ನೋಡಿ. ಅಲ್ಲಿ ಕೊಟ್ಟಿರುವ ವಿಷಯಪದಗಳನ್ನು ನಿಮ್ಮ ಹಾಳೆಗೆ ಸೇರಿಸಿಕೊಂಡು ಅವುಗಳಿಂದ ಮತ್ತೆ ಹುಡುಕಿ. ನಾನು ಜಾಸ್ತಿ ನಂಬುವ ದಾರಿ ಇದೇ.

ಇನ್ನು ನೀವು ಎರಡು ಗಂಟೆ ಓಡಾಡಿದ ರ‍್ಯಾಕುಗಳು. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವನ್ನು, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಪದ್ಧತಿಯನ್ನು, ಎಷ್ಟೋ ಲೈಬ್ರರಿಗಳು ಇಂದಿಗೂ ಬಳಸುತ್ತವೆ. ಪುಸ್ತಕದ ಬೆನ್ನಿನ ಮೇಲೆ ಅಂಟಿಸಿರುವ ಸಂಖ್ಯೆ ಅದೇ. ಅದು ಪುಸ್ತಕವನ್ನು ಇಡುವುದು ಯಾವ ಶಾಸ್ತ್ರದ ಕಣ್ಣಿನಿಂದ ಬರೆದಿದ್ದಾರೆ ಎಂಬುದನ್ನು ನೋಡಿ. ಅಂತರ್ಜಲವನ್ನು ಭೂವಿಜ್ಞಾನವಾಗಿ ಬರೆದಿದ್ದರೆ ಪುಸ್ತಕ 551.49ರಲ್ಲಿ ಇರುತ್ತದೆ. ನೀರು ಸರಬರಾಜಿನ ಎಂಜಿನಿಯರಿಂಗ್ ಆದರೆ 628.1. ನೀರು ಎಂಬ ಸಂಪತ್ತನ್ನು ಹೇಗೆ ಬಳಸುತ್ತೇವೆ, ಹಂಚಿಕೊಳ್ಳುತ್ತೇವೆ ಎಂಬ ಅರ್ಥಶಾಸ್ತ್ರವಾದರೆ 333.91. ಜನರಿಗೆ ನೀರು ಒದಗಿಸುವ ಸಾರ್ವಜನಿಕ ಸೇವೆಯಾದರೆ 363.61. ಒಂದೇ ನೀರು, ನಾಲ್ಕು ಕಡೆ. ಒಂದು ರ‍್ಯಾಕಿನಲ್ಲಿ ಇಲ್ಲ ಅಂದರೆ ಲೈಬ್ರರಿಯಲ್ಲೇ ಇಲ್ಲ ಅಂತಲ್ಲ. ಬೇಕಾದ ಪುಸ್ತಕ ಸಿಕ್ಕಾಗ ಅದನ್ನು ಮಾತ್ರ ಎತ್ತಿಕೊಂಡು ಬಂದುಬಿಡಬೇಡಿ. ಎಡಬಲದ ಹತ್ತು ಪುಸ್ತಕಗಳ ಪರಿವಿಡಿಯನ್ನೂ, ಕೊನೆಯಲ್ಲಿರುವ ಪದಸೂಚಿಯನ್ನೂ ತಿರುವಿ ಹಾಕಿ. ಅವು ನಿಮ್ಮ ಪುಸ್ತಕದ ನೆರೆಹೊರೆ ಅಲ್ವಾ?

ಈ ನಾಲ್ಕು ಸಂಖ್ಯೆಗಳನ್ನು ನೋಡಿದಾಗ ಇನ್ನೊಂದು ವಿಷಯವೂ ಕಾಣುತ್ತದೆ. ‘ಅಂತರ್ಜಲ’ ಎನ್ನುವುದು ನಿಮಗೆ ಕೊಟ್ಟ ವಿಷಯ, ಅದಿನ್ನೂ ಪ್ರಶ್ನೆಯಾಗಿಲ್ಲ. ಅಂತರ್ಜಲ ಏಕೆ ಕುಸಿಯುತ್ತದೆ? ಬಾವಿ ತೋಡಿದವರಿಗೆ ಅದರ ಕೆಳಗಿನ ನೀರೆಲ್ಲ ಸೇರಬೇಕೇ? ಮಳೆನೀರನ್ನು ಇಂಗಿಸಿದರೆ ಅದು ನಿಜವಾಗಿ ಎಷ್ಟು ಆಳಕ್ಕೆ ಹೋಗುತ್ತದೆ? ಇವು ಪ್ರಶ್ನೆಗಳು. ಒಂದನ್ನು ಆರಿಸಿಕೊಂಡರೆ ಯಾವ ರ‍್ಯಾಕಿಗೆ ಹೋಗಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಪ್ರಶ್ನೆ ಹೊಳೆಯದಿದ್ದರೆ ಒಳ್ಳೆಯ ವಿಶ್ವಕೋಶದ ಒಂದು ಲೇಖನ ಓದಿ. ವಿಕಿಪೀಡಿಯವನ್ನು ಓದಿದರೂ ತಪ್ಪಿಲ್ಲ. ಆದರೆ ಅಲ್ಲಿಗೇ ನಿಲ್ಲದೆ, ಕೆಳಗೆ ಅಡಿಟಿಪ್ಪಣಿಯಲ್ಲಿರುವ ಮೂಲಗಳಿಗೆ ಹೋಗಿ.

ಗ್ರಂಥಪಾಲಕರನ್ನು ಕೇಳಲು ಸಂಕೋಚವಾಯಿತು ಎಂಬ ಸಾಲು ಓದಿ ನನಗೆ ಬೇಸರವಾಯಿತು. ನಿಮಗೆ ನೆರವಾಗುವುದು ಅವರ ಕೆಲಸದ ತಿರುಳೇ ಹೊರತು ಮೇಲಿನ ಹೊರೆಯಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹಾಕಿಕೊಟ್ಟರು. ಅದರಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಬೇಕು ಎನ್ನುವುದು. ನೀವು ಸುಮ್ನೆ ಕಳೆದ ಎರಡು ಗಂಟೆ ಇದೆಯಲ್ಲ, ಅದನ್ನು ಉಳಿಸಲೆಂದೇ ಅವರು ಅಲ್ಲಿ ಕೂತಿದ್ದಾರೆ. ಹೋಗಿ ‘ಅಂತರ್ಜಲದ ಪುಸ್ತಕ ಎಲ್ಲಿದೆ’ ಎನ್ನಬೇಡಿ. ‘ಅಂತರ್ಜಲ ಏಕೆ ಕುಸಿಯುತ್ತದೆ ಎಂದು ಹತ್ತು ಪುಟ ಬರೆಯಬೇಕು, ಇಷ್ಟು ಪದಗಳಿಂದ ಹುಡುಕಿದ್ದೇನೆ, ಇಷ್ಟು ಸಿಕ್ಕಿದೆ’ ಎಂದು ಹಾಳೆ ತೋರಿಸಿ. ಜರ್ನಲ್‌ಗಳ, ಅಂದರೆ ಸಂಶೋಧನಾ ನಿಯತಕಾಲಿಕೆಗಳ, ಲೇಖನಗಳು ಎಲ್ಲಿ ಸಿಗುತ್ತವೆ ಎಂಬುದನ್ನೂ ಆಗಲೇ ಕೇಳಿ. ಎಷ್ಟೋ ಕಡೆ ಪುಸ್ತಕಗಳ ಕ್ಯಾಟಲಾಗಿನಲ್ಲಿ ಅವು ಬರುವುದಿಲ್ಲ. ಅವಕ್ಕೆ ಬೇರೆ ಡೇಟಾಬೇಸ್ ಇರುತ್ತದೆ, ಪಾಸ್‌ವರ್ಡ್ ಬೇಕಾಗಬಹುದು.

ಇಂಟರ್‌ನೆಟ್ಟಿನ ಲಕ್ಷಗಟ್ಟಲೆ ಫಲಿತಾಂಶಗಳಿಗೆ ಹೆದರಬೇಡಿ. ಎರಡು ಮೂರು ಪದ ಒಟ್ಟಿಗೆ ಹಾಕಿ, ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಎಷ್ಟೋ ಕಡಿಮೆಯಾಗುತ್ತವೆ. ಆದರೆ ಅದಕ್ಕಿಂತ ಒಳ್ಳೆಯ ದಾರಿ ಒಂದಿದೆ. ಒಂದೇ ಒಂದು ಒಳ್ಳೆಯ ಲೇಖನ ಹಿಡಿಯಿರಿ. ಅದರ ಕೊನೆಯ ಪಟ್ಟಿ ನಿಮ್ಮನ್ನು ಹಳೆಯ ಬರಹಗಳ ಕಡೆಗೆ ಕರೆದೊಯ್ಯುತ್ತದೆ. ಆ ಲೇಖನವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ನೋಡಿದರೆ ಹೊಸ ಬರಹಗಳು ಸಿಗುತ್ತವೆ. ವಿಜ್ಞಾನದ ಬರಹಗಳಿಗೆ ಇಂಥ ಸೂಚಿಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದರು. ಈಗ ಸಂಶೋಧನಾ ಬರಹಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ, ಬೇರೆಯವರು ಉಲ್ಲೇಖಿಸಿರುವ ಲೇಖನದ ಕೆಳಗೆ ಆ ಕೊಂಡಿ ಇರುತ್ತದೆ, ಒತ್ತಿದರೆ ಸಾಕು.

ಹೀಗೆ ಮುಂದಕ್ಕೆ ನೋಡದಿದ್ದರೆ ಅಪಾಯವೂ ಇದೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯಲು ಮಕ್ಕಳಿಗೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸಿದ ಲೇಖನ 1998ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂತು. ಅದರಲ್ಲಿ ನೋಡಿದ್ದು 12 ಮಕ್ಕಳನ್ನು ಮಾತ್ರ. 2010ರಲ್ಲಿ ಆ ಜರ್ನಲ್ ಲೇಖನವನ್ನು ನಂಬಲರ್ಹವಲ್ಲವೆಂದು ಹಿಂತೆಗೆದುಕೊಂಡಿತು. ಆದರೆ ಹಳೆಯ ಮುದ್ರಿತ ಸಂಚಿಕೆ ರ‍್ಯಾಕಿನಲ್ಲಿ ಹಾಗೆಯೇ ಇರುತ್ತದೆ. ಆಮೇಲೆ ಏನಾಯಿತೆಂದು ಅದು ಹೇಳುವುದಿಲ್ಲ. ಚಾಟ್‌ಬಾಟ್ ಕೊಡುವ ಪುಸ್ತಕಪಟ್ಟಿಯನ್ನೂ ಹಾಗೇ ನಂಬಬೇಡಿ. ಅದು ಇಲ್ಲದ ಲೇಖನಗಳಿಗೂ ಹೆಸರು, ವರ್ಷ, ಪುಟಸಂಖ್ಯೆ ಕೊಟ್ಟುಬಿಡುತ್ತದೆ. 2023ರಲ್ಲಿ ಅಮೆರಿಕದ ವಕೀಲರು ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನು ನ್ಯೂಯಾರ್ಕಿನ ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯಿತು. ನೀವೇ ತೆರೆದು ನೋಡದ ಮೂಲವನ್ನು ಅಸೈನ್‌ಮೆಂಟಿನಲ್ಲಿ ಹಾಕಲೇಬೇಡಿ.

ನೀವು ಕೇಳದಿದ್ದರೂ ಒಂದು ಮಾತು. ವಿದ್ಯಾರ್ಥಿಯಾಗಿದ್ದಾಗ ನಾನು ಒಂದು ಒಳ್ಳೆಯ ಪ್ಯಾರಾವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಪುಟಸಂಖ್ಯೆ ಬರೆದಿರಲಿಲ್ಲ. ತಿಂಗಳಾದ ಮೇಲೆ ನೋಡಿದರೆ ಅದು ನನ್ನ ಮಾತೋ, ಪುಸ್ತಕದ ಮಾತೋ ತಿಳಿಯಲಿಲ್ಲ. ಪತ್ತೆ ಹಚ್ಚಲು ಎರಡು ದಿನ ಹಿಡಿಯಿತು. ಸಿಗದೇ ಹೋಗಿದ್ದರೆ ಬೇರೆಯವರ ಮಾತು ನನ್ನ ಹೆಸರಲ್ಲಿ ಹೋಗುತ್ತಿತ್ತು. ಅಂದಿನಿಂದ ಇದ್ದದ್ದು ಇದ್ದ ಹಾಗೆ ಬರೆದುಕೊಂಡಿದ್ದಕ್ಕೆ ಉದ್ಧರಣ ಚಿಹ್ನೆ ಹಾಕುತ್ತೇನೆ, ನನ್ನ ಅನಿಸಿಕೆಯನ್ನು ಬೇರೆ ಬಣ್ಣದಲ್ಲಿ ಬರೆಯುತ್ತೇನೆ. ಪುಟಸಂಖ್ಯೆಯನ್ನು ಮೊದಲು ಬರೆದು ಆಮೇಲೆ ವಾಕ್ಯ ಬರೆಯುತ್ತೇನೆ.

ಇನ್ನು ಎಷ್ಟು ಪುಸ್ತಕ ನೋಡಿದರೆ ಸಾಕು ಎಂಬ ಪ್ರಶ್ನೆ. ಇಷ್ಟೇ ಎಂದು ಲೆಕ್ಕ ಕೊಡಲಾರೆ, ಗುರುತು ಹೇಳುತ್ತೇನೆ. ಹೊಸದಾಗಿ ತೆಗೆದ ಪುಸ್ತಕದ ಕೊನೆಯ ಪಟ್ಟಿಯಲ್ಲಿ ನಿಮಗೆ ಆಗಲೇ ಪರಿಚಯವಾದ ಹೆಸರುಗಳೇ ಮತ್ತೆ ಮತ್ತೆ ಬರತೊಡಗಿದರೆ, ಅವರಲ್ಲಿ ಯಾರು ಯಾರ ಮಾತನ್ನು ಒಪ್ಪುವುದಿಲ್ಲ ಎಂದು ನೀವೇ ಹೇಳಬಲ್ಲಿರಾದರೆ, ಪುಸ್ತಕ ಮುಚ್ಚಿ ಬರೆಯಲು ಕೂರಿ. ಬರೆಯುವಾಗ ಒಂದು ಕಡೆ ತೊಡಕು ಬಂದೇ ಬರುತ್ತದೆ. ಆ ಒಂದು ಅಂಶಕ್ಕಾಗಿ ಮತ್ತೆ ಲೈಬ್ರರಿಗೆ ಹೋಗಿ. ಆಗ ಯಾವ ರ‍್ಯಾಕಿಗೆ ಹೋಗಬೇಕೆಂದು ನಿಮಗೆ ಗೊತ್ತಿರುತ್ತದೆ.

— ಸಂಪಾದಕ