ಹೆಣ್ಣು ಮರವಾಗುವ ಕಥೆಯನ್ನು ಮಕ್ಕಳಿಗೆ ಹೇಳಬಹುದಾ?

ಮಕ್ಕಳ ಕಥೆಗಳಲ್ಲಿ ಹೆಣ್ಣನ್ನು ಯಾವಾಗಲೂ ಮರಕ್ಕೋ ನದಿಗೋ ಭೂಮಿಗೋ ಹೋಲಿಸುತ್ತಾರೆ, ಇದು ಹೆಣ್ಣಿಗೆ ಗೌರವವಾ, ಹೆಣ್ಣನ್ನೂ ಪರಿಸರವನ್ನೂ ಒಟ್ಟಿಗೆ ನೋಡುವ ಇಕೋಫೆಮಿನಿಸಂ ಇದರ ಬಗ್ಗೆ ಏನು ಹೇಳುತ್ತದೆ, ಮಗಳಿಗೆ ಯಾವ ಕಥೆ ಹೇಳಲಿ ಅಂತ ಕೇಳಿದ್ದೀರಿ.

ಹೋಲಿಕೆಯೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಥೆಯೊಳಗೆ ಆ ಮರದಿಂದ ಯಾರು ಏನು ಕೀಳುತ್ತಾರೆ, ಹೇಗೆ ಕೀಳುತ್ತಾರೆ, ಕೇಳಿ ಕೀಳುತ್ತಾರಾ ಅಂತ ನೋಡಿ. ನಾನು ನಮ್ಮೂರಿನ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳುತ್ತೇನೆ. ಯಾವ ಕಥೆ ಆರಿಸುವಾಗಲೂ ಈ ಪ್ರಶ್ನೆ ತಲೆಯಲ್ಲಿರುತ್ತದೆ.

ಇಕೋಫೆಮಿನಿಸಂ ಅನ್ನುವ ಹೆಸರು ಬಂದದ್ದು 1974ರಲ್ಲಿ, ಫ್ರೆಂಚ್ ಲೇಖಕಿ ಫ್ರಾನ್ಸ್‌ವಾಜ್ ದೋಬೋನ್ ಅವರಿಂದ. ಹೆಣ್ಣನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಮನಸ್ಸು, ನೆಲವನ್ನು ಬರಿದು ಮಾಡುವ ಮನಸ್ಸು, ಎರಡರ ಬೇರೂ ಒಂದೇ ಅನ್ನುವುದು ಅದರ ತಿರುಳು. ಇದನ್ನು ಮಗುವಿಗೆ ಅರ್ಥ ಮಾಡಿಸೋದು ಕಷ್ಟ ಅಂದುಕೊಳ್ಳಬೇಡಿ. ನಮ್ಮ ಅಜ್ಜಿಯರು ಯಾವತ್ತೋ ಇದನ್ನೇ ಕಥೆ ಮಾಡಿ ಹೇಳಿದ್ದಾರೆ.

ಹೂವಿನ ಮರವಾಗುವ ಹುಡುಗಿಯ ಕಥೆ ಗೊತ್ತಲ್ವಾ? ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಕಥೆ ಅದು. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಜನಪದ ಕಥೆಗಳ ಸಂಕಲನಕ್ಕೆ ಇದರದೇ ಹೆಸರು. ಗಿರೀಶ್ ಕಾರ್ನಾಡರು 1992ರಲ್ಲಿ ಮಾಡಿದ 'ಚೆಲುವಿ' ಸಿನಿಮಾದ ಮೂಲವೂ ಇದೇ.

ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಅಮ್ಮ ಕೂಲಿ ಮಾಡಿ ಸಾಯುತ್ತಾಳಲ್ಲ ಅಂತ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ನಾನು ಮರವಾಗುತ್ತೇನೆ, ನೀನು ಹೂವು ಕಿತ್ತು ಮಾರು. ಅದಕ್ಕೊಂದು ಕ್ರಮ ಇದೆ. ಎರಡು ಬಿಂದಿಗೆ ನೀರು ತರಬೇಕು, ಉಗುರು ನೀರಿಗೆ ತಾಕಬಾರದು. ಒಂದು ಬಿಂದಿಗೆ ಸುರಿದರೆ ಅವಳು ಮರವಾಗುತ್ತಾಳೆ. ಎಲೆ, ಕಡ್ಡಿ ಯಾವುದಕ್ಕೂ ಪೆಟ್ಟಾಗದ ಹಾಗೆ ಹೂವು ಬಿಡಿಸಬೇಕು. ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಇಷ್ಟು ಹೇಳುವಷ್ಟರಲ್ಲಿ ನಮ್ಮ ಮಕ್ಕಳು ಕೈ ಮುಂದೆ ಮಾಡಿ, ಉಗುರು ತಾಕದ ಹಾಗೆ ಬಿಂದಿಗೆ ಎತ್ತುವುದು ಹೇಗೆ ಅಂತ ಬೆರಳು ಮಡಚಿ ನೋಡಲು ಶುರು ಮಾಡುತ್ತಾರೆ. ಆ ಜಾಗ್ರತೆ ಅವರ ಬೆರಳಿಗೇ ಬಂದುಬಿಡುತ್ತದೆ. ನೂರು ಪರಿಸರ ಪಾಠ ಮಾಡಿದರೂ ಇದು ಬರುವುದಿಲ್ಲ.

ಮುಂದೆ ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಅವಳಿಗೆ ಮನಸ್ಸಿಲ್ಲದಿದ್ದರೂ ಮರವಾಗು ಅಂತ ಹಟ ಹಿಡಿಯುತ್ತಾನೆ. ಅಕ್ಕ ಕೀಳುತ್ತಿದ್ದುದು ಹೊಟ್ಟೆಪಾಡಿಗೆ, ಇವನದು ಬರೀ ಸುಖಕ್ಕೆ. ದಿನಾ ಹೂವಿನ ರಾಶಿ ಬಾಡಿ ಕಿಟಕಿಯ ಹೊರಗೆ ಬೀಳುತ್ತದೆ. ಅದನ್ನು ನೋಡಿದ ನಾದಿನಿ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಗೆಳತಿಯರ ಮುಂದೆ ಮರವಾಗು ಅನ್ನುತ್ತಾಳೆ. ಆ ಹುಡುಗಿಯರು ಕೊಂಬೆ ಮುರಿದು, ಎಲೆ ತರಿದು, ಉಳಿದ ನೀರನ್ನು ಹೇಗೋ ಚೆಲ್ಲಿ ಓಡಿಹೋಗುತ್ತಾರೆ. ಕೈಕಾಲಿಲ್ಲದ, ಮೈತುಂಬಾ ಗಾಯದ ಮುಂಡ ಮಾತ್ರ ಉಳಿಯುತ್ತದೆ. ಇಲ್ಲಿ ಹಿಂಸೆ ಮಾಡುವವರು ಹೆಣ್ಣುಮಕ್ಕಳೇ ಅನ್ನುವುದನ್ನು ಗಮನಿಸಿ. ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ಪ್ರಕೃತಿಯ ಮೇಲೆ ಪ್ರೀತಿ ಬರುತ್ತದೆ ಅಂತ ಈ ಕಥೆ ನಂಬುವುದಿಲ್ಲ.

ಕೊನೆಗೆ ಗಂಡನಿಗೆ ಅವಳು ಸಿಗುತ್ತಾಳೆ. ನೀರು ಸುರಿದು ಮರ ಮಾಡಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟುತ್ತಾನೆ. ಆಮೇಲೆ ಇನ್ನೊಂದು ಬಿಂದಿಗೆ ನೀರು. ಸುಖ ಅನುಭವಿಸಿದವನೇ ಕೂತು ಸರಿಮಾಡಬೇಕಾಗುತ್ತದೆ. ನನಗೆ ಈ ಭಾಗ ತುಂಬಾ ಇಷ್ಟ.

ಇದರ ಪಕ್ಕಕ್ಕೆ ಅಮೆರಿಕದ ಶೆಲ್ ಸಿಲ್ವರ್‌ಸ್ಟೀನ್ 1964ರಲ್ಲಿ ಬರೆದ 'ದಿ ಗಿವಿಂಗ್ ಟ್ರೀ' ಇಡಿ. ಅಲ್ಲಿಯ ಮರವೂ ಹೆಣ್ಣೇ. ಹುಡುಗ ಹಣ್ಣು ಒಯ್ಯುತ್ತಾನೆ, ಕೊಂಬೆ ಒಯ್ಯುತ್ತಾನೆ, ಕಾಂಡವನ್ನೂ ಕಡಿದು ಒಯ್ಯುತ್ತಾನೆ. ಮುದುಕನಾಗಿ ಬಂದು ಬೊಡ್ಡೆಯ ಮೇಲೆ ಕೂರುತ್ತಾನೆ, ಮರಕ್ಕೆ ಖುಷಿಯಾಗುತ್ತದೆ. ತ್ಯಾಗದ ಕಥೆ ಅಂತ ಎಷ್ಟೋ ಜನ ಇದನ್ನು ಮಕ್ಕಳಿಗೆ ಓದುತ್ತಾರೆ. ನಾನು ಓದುವುದಿಲ್ಲ. ಯಾರೂ ಏನನ್ನೂ ಕಟ್ಟಿ ಜೋಡಿಸದ ಕಥೆ ಅದು. ಅಮ್ಮ ಅಂದರೆ ಕೊಡುತ್ತಲೇ ಇರಬೇಕು, ಕಾಡು ಅಂದರೆ ಕೊಡುತ್ತಲೇ ಇರುತ್ತದೆ ಅನ್ನುವುದು ಮಗುವಿನ ತಲೆಯಲ್ಲಿ ಒಟ್ಟಿಗೇ ಕೂರುತ್ತದೆ.

ಇಕೋಫೆಮಿನಿಸಂ ಒಳಗೇ ಜಗಳ ಇದೆ ಅನ್ನುವುದೂ ನಿಮಗೆ ಗೊತ್ತಿರಲಿ. ಪರಿಸರ ಹೋರಾಟಗಾರ್ತಿ ವಂದನಾ ಶಿವ 1988ರ 'ಸ್ಟೇಯಿಂಗ್ ಅಲೈವ್' ಪುಸ್ತಕದಲ್ಲಿ ಹೆಣ್ಣು ಮತ್ತು ಪ್ರಕೃತಿಯ ನಂಟಿಗೆ ತುಂಬಾ ತೂಕ ಕೊಟ್ಟರು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ 1992ರಲ್ಲಿ ಅದನ್ನು ಪ್ರಶ್ನಿಸಿದರು. ಸೌದೆ, ನೀರು, ಮೇವು ತರುವ ಕೆಲಸ ಯಾರದು, ಜಮೀನು ಯಾರ ಹೆಸರಿನಲ್ಲಿದೆ, ಈ ನಂಟು ಹುಟ್ಟುವುದು ಅಲ್ಲಿಂದ ಅಂದರು. ನನಗೆ ಅಗರ್ವಾಲ್ ಹೇಳಿದ್ದೇ ಸರಿ ಅನ್ನಿಸುತ್ತದೆ.

ಸಾಲುಮರದ ತಿಮ್ಮಕ್ಕನ ಬಗ್ಗೆ ಮಕ್ಕಳಿಗೆ ಹೇಳುವಾಗಲೂ ಇದೇ ತೊಡಕು. ಮಕ್ಕಳಿಲ್ಲದ್ದಕ್ಕೆ ಮರಗಳನ್ನೇ ಮಕ್ಕಳು ಅಂದುಕೊಂಡರು ಅಂತ ಹೇಳಿ ಮುಗಿಸುತ್ತಾರೆ. ಕಷ್ಟಪಟ್ಟದ್ದು ಮರೆಯಾಗುತ್ತದೆ. ಹುಲಿಕಲ್–ಕುದೂರು ರಸ್ತೆಯಲ್ಲಿ ಅವರೂ ಗಂಡ ಚಿಕ್ಕಯ್ಯನೂ ಮಳೆಗಾಲ ನೋಡಿ ಆಲದ ಸಸಿ ನೆಟ್ಟರು, ದನ ಮೇಯದ ಹಾಗೆ ಮುಳ್ಳುಬೇಲಿ ಕಟ್ಟಿದರು, ದೂರದಿಂದ ನೀರು ಹೊತ್ತು ಹಾಕಿದರು. ಅಂಕೋಲಾ ಕಡೆಯ ತುಳಸಿ ಗೌಡರಿಗೂ ವನದೇವತೆ ಅನ್ನುವ ಪಟ್ಟ ಸುಲಭವಾಗಿ ಕೊಡುತ್ತಾರೆ. ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ವರ್ಷಗಟ್ಟಲೆ ದಿನಗೂಲಿಗೆ ದುಡಿದವರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಅನ್ನುವುದು ಅವರು ಕಲಿತು ಗಳಿಸಿದ ವಿದ್ಯೆ.

ನಿಮ್ಮ ಮಗಳಿಗೆ ಹೂವಿನ ಮರದ ಕಥೆಯನ್ನೇ ಮೊದಲು ಹೇಳಿ. ಪುಸ್ತಕ ಬೇಕಾಗಿಲ್ಲ, ಬಾಯಲ್ಲೇ ಹೇಳಿ. ತೀರಾ ಚಿಕ್ಕವಳಾಗಿದ್ದರೆ ಗಾಯದ ವಿವರ ಸ್ವಲ್ಪ ಕಡಿಮೆ ಮಾಡಿ, ಆದರೆ ಕೊಂಬೆ ಮುರಿಯುವ ಭಾಗವನ್ನು ಬಿಟ್ಟುಬಿಡಬೇಡಿ. ಅದನ್ನು ಬಿಟ್ಟರೆ ಇನ್ನೊಂದು ರಾಜಕುಮಾರನ ಮದುವೆ ಕಥೆ ಅಷ್ಟೇ ಆಗುತ್ತದೆ. ತಿಮ್ಮಕ್ಕನ ವಿಷಯ ಹೇಳುವಾಗ ಒಂದು ಕೊಡ ನೀರನ್ನು ಮನೆಯಿಂದ ಬೀದಿ ಕೊನೆಯ ಗಿಡದ ತನಕ ಅವಳ ಜೊತೆ ನೀವೂ ಹೊತ್ತು ಹೋಗಿ.