ರೂಲ್ಸೇ ಇಲ್ಲದಿದ್ದರೆ ರೇಸ್ ಕಾರು ಹೇಗಿರುತ್ತಿತ್ತು?

ಪ್ರಶ್ನೆ: ಟೀವಿಯಲ್ಲಿ ಫಾರ್ಮುಲಾ ಒನ್ ನೋಡಲು ಕೂತರೆ ಬರೀ ರೂಲ್ಸ್ ಮಾತೇ ಕೇಳಿಸುತ್ತದೆ. ಎಂಜಿನ್ ಇಷ್ಟೇ ಇರಬೇಕು, ರೆಕ್ಕೆ ಇಷ್ಟೇ ಅಗಲ, ತೂಕ ಇದಕ್ಕಿಂತ ಕಮ್ಮಿ ಆಗುವಂತಿಲ್ಲ. ಇದನ್ನೆಲ್ಲ ಕಿತ್ತುಹಾಕಿ, ‘ಯಾರು ಏನು ಬೇಕಾದರೂ ಕಟ್ಟಿಕೊಂಡು ಬನ್ನಿ’ ಅಂದರೆ ಎಂಥ ಕಾರು ಬಂದೀತು? ಎರಡು ಸಾವಿರ ಹಾರ್ಸ್‌ಪವರ್ ಎಂಜಿನ್ ಹಾಕುತ್ತಾರಾ? ರೇಸ್ ಈಗಿನದಕ್ಕಿಂತ ಮಜವಾಗಿ ಇರುತ್ತದೆ ಅಲ್ವಾ ಸರ್?
– ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಎಂಜಿನ್ ವಿಷಯ ಆಮೇಲೆ ನೋಡೋಣ. ರೂಲ್ಸ್ ತೆಗೆದ ದಿನ ಬುದ್ಧಿವಂತ ಎಂಜಿನಿಯರ್ ಮೊದಲು ಕೈ ಹಾಕುವುದು ಎಂಜಿನ್ನಿಗಲ್ಲ, ಫ್ಯಾನಿಗೆ. ಹೌದು, ಗಾಳಿ ಬೀಸುವ ಫ್ಯಾನೇ.

ಸುಮ್ನೆ ಊಹೆ ಮಾಡಿ ಹೇಳುತ್ತಿಲ್ಲ. ಹೆಚ್ಚುಕಮ್ಮಿ ಹೀಗೇ ಒಮ್ಮೆ ಆಗಿದೆ. 1966ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಕ್ಯಾನ್-ಆಮ್ ಅನ್ನುವ ರೇಸ್ ಸರಣಿ ಶುರುವಾಯಿತು. ಇಬ್ಬರು ಕೂರುವಷ್ಟು ಜಾಗ ಬೇಕು, ಬಾಡಿ ಚಕ್ರಗಳನ್ನು ಮುಚ್ಚಬೇಕು, ಒಂದಿಷ್ಟು ಸೇಫ್ಟಿ ಇರಬೇಕು. ರೂಲ್ಸ್ ಅಂದರೆ ಬಹುಮಟ್ಟಿಗೆ ಇಷ್ಟೇ. ಎಂಜಿನ್ ಎಷ್ಟು ದೊಡ್ಡದಾದರೂ ಕೇಳುವವರಿಲ್ಲ.

1970ರಲ್ಲಿ ಟೆಕ್ಸಾಸಿನ ಜಿಮ್ ಹಾಲ್ ಅಲ್ಲಿಗೆ ಚಾಪರಲ್ 2ಜೆ ಅನ್ನುವ ಕಾರು ತಂದರು. ನೋಡಲು ಮಲಗಿಸಿದ ಬೀರುವಿಗೆ ಚಕ್ರ ಹಾಕಿದ ಹಾಗಿತ್ತು. ಹಿಂದುಗಡೆ ಎರಡು ಫ್ಯಾನು. ಅವನ್ನು ತಿರುಗಿಸಲು ಬೇರೆಯೇ ಒಂದು ಪುಟ್ಟ ಟೂ-ಸ್ಟ್ರೋಕ್ ಎಂಜಿನ್, ಹಿಮದ ಮೇಲೆ ಓಡಿಸುವ ಗಾಡಿಯದು. ಕಾರಿನ ಅಂಚಿಗೆ ನೆಲ ಸವರುವ ಹಾಗೆ ಪ್ಲಾಸ್ಟಿಕ್ ಲಂಗ ತೊಡಿಸಿದ್ದರು. ಫ್ಯಾನು ಅಡಿಯ ಗಾಳಿಯನ್ನು ಹೀರಿ ಹಿಂದಕ್ಕೆ ಉಗುಳುತ್ತಿತ್ತು, ಕಾರು ಹಲ್ಲಿಯ ಹಾಗೆ ರಸ್ತೆಗೆ ಕಚ್ಚಿಕೊಳ್ಳುತ್ತಿತ್ತು. ಹಿಂದೆ ಬರುವವರ ಮುಖಕ್ಕೆ ಧೂಳು, ಕಲ್ಲಿನ ಚೂರು!

ಇದರಿಂದ ಲಾಭ ಎಷ್ಟು? ನೀವು ಮೆಕ್ಯಾನಿಕಲ್ ಓದುವವರು, ಲೆಕ್ಕವನ್ನೇ ಮಾಡೋಣ. 50 ಮೀಟರ್ ತ್ರಿಜ್ಯದ ಒಂದು ತಿರುವು. ಟೈರು ತನ್ನ ಮೇಲಿನ ಭಾರದ ಒಂದೂವರೆ ಪಟ್ಟು ಹಿಡಿತ ಕೊಡುತ್ತದೆ ಅಂತಿಟ್ಟುಕೊಳ್ಳಿ. ಫ್ಯಾನಿಲ್ಲದ 1,000 ಕೆಜಿ ಕಾರು ಅಲ್ಲಿ ಗಂಟೆಗೆ 98 ಕಿ.ಮೀ. ದಾಟಿದರೆ ಜಾರುತ್ತದೆ. ಈಗ ಫ್ಯಾನು ಇನ್ನೂ 2,000 ಕೆಜಿಯಷ್ಟು ಕೆಳಕ್ಕೆ ಎಳೆಯಲಿ. ಟೈರಿನ ಮೇಲಿನ ಭಾರ ಮೂರು ಪಟ್ಟಾಯಿತು, ತಿರುಗಿಸಬೇಕಾದ ತೂಕ ಮಾತ್ರ ಅಷ್ಟೇ. ಅದೇ ತಿರುವಿನಲ್ಲಿ 169 ಕಿ.ಮೀ. ವೇಗ! ಭಾರ ಏರಿದ ಹಾಗೆ ಟೈರಿನ ಹಿಡಿತ ಅದೇ ಅಳತೆಯಲ್ಲಿ ಏರುವುದಿಲ್ಲ, ಹಾಗಾಗಿ ಇದರಲ್ಲಿ ಸ್ವಲ್ಪ ಕಳೆಯಿರಿ. ಆದರೂ ಯಾವ ಎಂಜಿನ್ನೂ ತಿರುವಿನಲ್ಲಿ ಇಷ್ಟು ಕೊಡುವುದಿಲ್ಲ.

2,000 ಕೆಜಿ ನಾನು ಕಟ್ಟಿದ ಅಂಕಿಯಲ್ಲ. ಇಂಗ್ಲೆಂಡಿನ ಮೆಕ್‌ಮರ್ಟ್ರಿ ಕಂಪನಿಯ ಎಲೆಕ್ಟ್ರಿಕ್ ಫ್ಯಾನ್ ಕಾರು ನಿಂತ ಜಾಗದಲ್ಲೇ ಅಷ್ಟು ಒತ್ತುತ್ತದೆ. 2022ರಲ್ಲಿ ಅದು ಗುಡ್‌ವುಡ್‌ನ ಏರುದಾರಿಯನ್ನು 39.08 ಸೆಕೆಂಡಿನಲ್ಲಿ ಮುಗಿಸಿ ದಾಖಲೆ ಮಾಡಿತು. ರೇಸ್ ಕಾರಿನ ರೆಕ್ಕೆಯೂ ಗಾಳಿಯ ಬಲದಿಂದ ಕಾರನ್ನು ಕೆಳಕ್ಕೆ ಒತ್ತುತ್ತದೆ, ಆದರೆ ಅದರ ಕತೆ ಬೇರೆ. ವೇಗ ಅರ್ಧಕ್ಕಿಳಿದರೆ ರೆಕ್ಕೆಯ ಒತ್ತು ಕಾಲು ಭಾಗಕ್ಕಿಳಿಯುತ್ತದೆ. ಫ್ಯಾನಿಗೆ ವೇಗದ ಹಂಗಿಲ್ಲ.

ಪಾಪ, ಚಾಪರಲ್ ಒಂದೂ ರೇಸ್ ಗೆಲ್ಲಲಿಲ್ಲ. ಓಡಿದ ನಾಲ್ಕು ಕಡೆಗಳಲ್ಲಿ ಮೂರರಲ್ಲಿ ಮೊದಲ ಸ್ಥಾನದಿಂದ ಹೊರಡುವ ಅರ್ಹತೆ ಪಡೆಯಿತು, ಆದರೆ ಏನಾದರೊಂದು ಕೆಡುತ್ತಿತ್ತು. ಸೀಸನ್ ಮುಗಿದ ಮೇಲೆ ಅದನ್ನು ನಿಷೇಧಿಸಿದರು. ಎಂಟು ವರ್ಷ ಬಿಟ್ಟು ಬ್ರಾಭಮ್ ತಂಡದ ವಿನ್ಯಾಸಕಾರ ಗಾರ್ಡನ್ ಮರ್ರಿ ಅದೇ ಉಪಾಯವನ್ನು ಫಾರ್ಮುಲಾ ಒನ್‌ಗೆ ತಂದರು. 1978ರ ಸ್ವೀಡನ್ ರೇಸಿನಲ್ಲಿ ಬ್ರಾಭಮ್ ಕಾರಿನ ಹಿಂದೆ ದೊಡ್ಡ ಫ್ಯಾನು. ಕೇಳಿದವರಿಗೆ ‘ಎಂಜಿನ್ ತಂಪು ಮಾಡಲು’ ಅನ್ನುವ ಉತ್ತರ. ಆದರೆ ನಿಂತ ಕಾರಿನ ಆಕ್ಸಿಲರೇಟರ್ ಒತ್ತಿದರೆ ಕಾರು ಕುಕ್ಕರುಗಾಲಲ್ಲಿ ಕೂತ ಹಾಗೆ ಕೆಳಗಿಳಿಯುತ್ತಿತ್ತು! ನಿಕಿ ಲೌಡಾ 34 ಸೆಕೆಂಡ್ ಅಂತರದಲ್ಲಿ ಗೆದ್ದರು. ಆ ಕಾರು ಮತ್ತೆ ರೇಸಿಗೆ ಇಳಿಯಲಿಲ್ಲ.

ಇನ್ನು ಒಳಗೆ ಕೂತವರ ಪಾಡು. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ಹೊರಳಿದಾಗ ಪಕ್ಕದವರ ಮೇಲೆ ವಾಲುತ್ತೀರಲ್ಲ, ಅದು ಅರ್ಧ ಜಿ ಕೂಡ ಇರುವುದಿಲ್ಲ. (ಒಂದು ಜಿ ಅಂದರೆ ನಮ್ಮ ತೂಕದಷ್ಟೇ ಎಳೆತ.) ನಮ್ಮ ಲೆಕ್ಕದ 169ರಲ್ಲಿ ನಾಲ್ಕೂವರೆ ಜಿ ಬರುತ್ತದೆ. ತಲೆ, ಹೆಲ್ಮೆಟ್ ಸೇರಿ ಆರು ಕೆಜಿ ಅಂದರೂ, ಕುತ್ತಿಗೆಗೆ ಪಕ್ಕದಿಂದ ಅಕ್ಕಿ ಮೂಟೆ ಕಟ್ಟಿ ಎಳೆದ ಹಾಗೆ. ಅದೂ ಒಂದು ಸಲವಲ್ಲ, ಪ್ರತಿ ತಿರುವಿನಲ್ಲಿ, ಒಂದೂವರೆ ಗಂಟೆ.

2001ರ ಏಪ್ರಿಲ್‌ನಲ್ಲಿ ಟೆಕ್ಸಾಸ್ ಮೋಟರ್ ಸ್ಪೀಡ್‌ವೇಯಲ್ಲಿ ಆದದ್ದು ಕೇಳಿ. 24 ಡಿಗ್ರಿ ಓರೆಯಾದ ಟ್ರ್ಯಾಕ್, ಗಂಟೆಗೆ 370 ಕಿ.ಮೀ. ದಾಟಿದ ಕಾರುಗಳು, ಐದು ಜಿಗಿಂತ ಜಾಸ್ತಿ ಎಳೆತ. ಅಭ್ಯಾಸದಲ್ಲೇ 25 ಡ್ರೈವರುಗಳಲ್ಲಿ 21 ಮಂದಿಗೆ ತಲೆ ತಿರುಗಿತು ಅಥವಾ ದಿಕ್ಕು ತಪ್ಪಿದಂತಾಯಿತು. ರೇಸ್ ಶುರುವಾಗಲು ಇನ್ನು ಎರಡು ಗಂಟೆ ಇರುವಾಗ ರದ್ದು ಮಾಡಿದರು. ಗಮನಿಸಿ, ಅವು ರೂಲ್ಸ್ ಪಾಲಿಸಿದ ಕಾರುಗಳು. ರೂಲ್ಸ್ ಇಲ್ಲದ ಕಾರಿನಲ್ಲಿ ಮೊದಲು ಕೈಕೊಡುವ ಬಿಡಿಭಾಗ ಡ್ರೈವರೇ.

ಮಜಾ ಇರುತ್ತದಾ ಅಂತ ಕೇಳಿದ್ದೀರಿ. ಕ್ಯಾನ್-ಆಮ್‌ನಲ್ಲಿ 1967ರಿಂದ 71ರ ತನಕ ಐದು ವರ್ಷವೂ ಮೆಕ್‌ಲಾರೆನ್ ತಂಡದವರೇ ಚಾಂಪಿಯನ್. ಆಮೇಲೆ ಪೋರ್ಷೆ ದುಡ್ಡಿನ ಗಂಟು ಬಿಚ್ಚಿತು. 1973ರ ಪೋರ್ಷೆ 917/30ರ ಟರ್ಬೊ ಎಂಜಿನ್ ಸುಮಾರು 1,100 ಹಾರ್ಸ್‌ಪವರ್ ಕೊಡುತ್ತಿತ್ತು. ಅದರಲ್ಲಿ ಮಾರ್ಕ್ ಡಾನಹ್ಯೂ ಎಂಟು ರೇಸುಗಳಲ್ಲಿ ಆರು ಗೆದ್ದರು. ಯಾರು ಗೆಲ್ಲುತ್ತಾರೆ ಅಂತ ಟಿಕೆಟ್ ಕೊಳ್ಳುವಾಗಲೇ ಗೊತ್ತಿದ್ದರೆ ನೋಡುವುದೇನನ್ನು? ಅಷ್ಟರಲ್ಲಿ ತೈಲದ ಬಿಕ್ಕಟ್ಟೂ ಬಂತು. ಮರುವರ್ಷ ಪೆಟ್ರೋಲ್ ಬಳಕೆಗೆ ಮಿತಿ ಹಾಕಿದರು, ಪೋರ್ಷೆ ತಂಡ ಹೊರಟಿತು. 1974ಕ್ಕೆ ಸರಣಿಯೇ ಮುಗಿಯಿತು.

ಹಾಗಂತ ರೂಲ್ಸ್ ಇಲ್ಲದ ಕಾರೇ ಬೇಡ ಅನ್ನುವವನು ನಾನಲ್ಲ. ಅಂಥ ಕಾರು ಒಂಟಿಯಾಗಿ, ಗಡಿಯಾರದ ಎದುರು ಓಡುವುದನ್ನು ಎಷ್ಟು ಸಲ ಬೇಕಾದರೂ ನೋಡುತ್ತೇನೆ. ಪೋರ್ಷೆಯವರೇ 2018ರಲ್ಲಿ ತಮ್ಮ 919 ರೇಸ್ ಕಾರಿಗೆ ಇದ್ದ ಕಟ್ಟುಗಳನ್ನು ಬಿಚ್ಚಿ ಜರ್ಮನಿಯ ನೂರ್ಬರ್ಗ್‌ರಿಂಗ್ ಟ್ರ್ಯಾಕ್‌ನಲ್ಲಿ ಓಡಿಸಿದರು. 1983ರಿಂದ ಅಲ್ಲಾಡದೆ ನಿಂತಿದ್ದ 6 ನಿಮಿಷ 11 ಸೆಕೆಂಡಿನ ದಾಖಲೆ 5 ನಿಮಿಷ 19 ಸೆಕೆಂಡಿಗೆ ಇಳಿಯಿತು. ಎಂಜಿನ್ ಹೊಸದಲ್ಲ, ಅದೇ ಎರಡು ಲೀಟರಿನದು. ಆ ಓಟದ ವಿಡಿಯೊ ಇದೆ, ಹುಡುಕಿ ನೋಡಿ.

ಈಗ ನಿಮ್ಮ ಎರಡು ಸಾವಿರ ಹಾರ್ಸ್‌ಪವರ್. 2023ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಿಮ್ಮ ಹಾಗೇ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು, ಇಟಿಎಚ್ ಜ್ಯೂರಿಕ್ ಮತ್ತು ಲ್ಯೂಸರ್ನ್‌ನವರು, ತಾವೇ ಕಟ್ಟಿದ ಎಲೆಕ್ಟ್ರಿಕ್ ಕಾರನ್ನು ಸೊನ್ನೆಯಿಂದ 100 ಕಿ.ಮೀ. ವೇಗಕ್ಕೆ 0.956 ಸೆಕೆಂಡಿನಲ್ಲಿ ಮುಟ್ಟಿಸಿದರು. ಅದಕ್ಕೆ ಬೇಕಾದ ಜಾಗ 12.3 ಮೀಟರ್, ಹೆಚ್ಚುಕಮ್ಮಿ ಒಂದು ಬಸ್ಸಿನ ಉದ್ದ. ಕಾರಿನ ತೂಕ ಸುಮಾರು 140 ಕೆಜಿ, ಮೋಟರುಗಳ ಶಕ್ತಿ 326 ಹಾರ್ಸ್‌ಪವರ್. ಅಡಿಯಲ್ಲಿ ಇದ್ದದ್ದು ಗಾಳಿ ಹೀರುವ ವ್ಯಾಕ್ಯೂಮ್ ಕ್ಲೀನರ್‌ನಂಥ ಒಂದು ಸಾಧನ.